ಬ್ರೇಕಕ್ಕನ ಬಲಗಾಲು

ಡ್ರೈವಿಂಗ್ ಕಲಿಸುವ ಆ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಲೈಸೆನ್ಸಿನ ಮೇಲಷ್ಟೇ ಉಳಿದಿತ್ತು. ಬೀದಿಗೆಲ್ಲ ಅವಳು ಬ್ರೇಕಕ್ಕ. ಅವಳ ಬಿಳಿ ಕಾರಿನಲ್ಲಿ ಕಲಿಯುವವರ ಕಾಲಡಿಯಲ್ಲಿ ಇರುವಂತೆಯೇ ಪಕ್ಕದ ಸೀಟಿನ ಮುಂದೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಆ ಎರಡನೇ ಬ್ರೇಕಿನ ಮೇಲೆ ಅವಳ ಬಲಗಾಲು ಇಲಿಬಿಲದ ಮುಂದೆ ಕೂತ ಬೆಕ್ಕಿನ ಹಾಗೆ ಕಾದಿರುತ್ತಿತ್ತು. ಬಾಯಿ ಮಾತ್ರ ಲೋಕಾಭಿರಾಮ. ಕಲಿಯುವವರು ಗಾಬರಿಯಾಗಬಾರದೆಂದು ಅವರ ಮನೆಯ ನಲ್ಲಿ ಸೋರುವುದನ್ನೂ ಮಗಳ ಪರೀಕ್ಷೆಯನ್ನೂ ವಿಚಾರಿಸುತ್ತ, ಎದುರಿಗೆ ಸೈಕಲ್ಲೊಂದು ಅಡ್ಡ ಬಂದರೆ ಮಾತು ನಿಲ್ಲಿಸದೆಯೇ ಕಾರು ನಿಲ್ಲಿಸಿಬಿಡುತ್ತಿದ್ದಳು.

"ಬ್ರೇಕಕ್ಕನ ಪಕ್ಕ ಕೂತರೆ ಅಮ್ಮನ ಸೊಂಟದ ಮೇಲೆ ಕೂತ ಹಾಗೆ," ಎಂದು ಕಲಿತುಹೋದವರು ಹೇಳುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಆ ಕಾರಿಗೆ ಸಣ್ಣಪುಟ್ಟ ಗೀರು ಬಿದ್ದದ್ದುಂಟು. ಯಾರ ಮೈಗೂ ಗೀರು ಬಿದ್ದದ್ದಿಲ್ಲ.

ಒಂದು ಬೆಳಿಗ್ಗೆ ಕಾರು ತೊಳೆಯುವಾಗ ಸೋಪಿನ ನೀರಿನ ಮೇಲೆ ಕಾಲಿಟ್ಟು ಜಾರಿದಳು. ಬೆನ್ನಿನ ಬುಡ ಮೆಟ್ಟಿಲಿನ ಅಂಚಿಗೆ ಬಡಿಯಿತು. ಕಣ್ಣಲ್ಲಿ ನಕ್ಷತ್ರಗಳು ಕಾಣಿಸಿಕೊಂಡವು. ಡಾಕ್ಟರು ಬೆಲ್ಟು ಕೊಟ್ಟರು, ಮಲಗಲು ಹೇಳಿದರು, ಜೋರಾದ ನೋವಿನ ಮಾತ್ರೆ ಬರೆದರು. "ನೋವು ತಡೆಯೋಕೆ ಆಗದೆ ಇದ್ದಾಗ ಮಾತ್ರ," ಎಂದು ಒತ್ತಿ ಹೇಳಿದರು ಕೂಡ.

ಮಾತ್ರೆ ನೋವನ್ನು ತೆಗೆಯಿತು. ಜೊತೆಗೆ ಅವಳು ಕೇಳದೇ ಇದ್ದ ಇನ್ನೊಂದನ್ನು ಕೊಟ್ಟಿತು. ನುಂಗಿದ ಸ್ವಲ್ಪ ಹೊತ್ತಿಗೆ ಯಾರೋ ಹೆಗಲ ಮೇಲೆ ಬೆಚ್ಚಗಿನ ಶಾಲು ಹೊದಿಸಿದ ಹಾಗಾಗುತ್ತಿತ್ತು. ಹಿಂದಿನ ಲಾರಿಯ ಹಾರ್ನು, ಅತ್ತೆಯ ಕೊಂಕು, ಕಲಿಯುವವರ ಕಿರುಚಾಟ ಎಲ್ಲವೂ ಪಕ್ಕದ ಮನೆಯಲ್ಲಿ ನಡೆಯುತ್ತಿರುವಂತೆ ದೂರವಾಗಿಬಿಡುತ್ತಿದ್ದವು. ಬೆನ್ನು ವಾಸಿಯಾಯಿತು. ಶಾಲು ಬಿಡಲಾಗಲಿಲ್ಲ. ಆ ಡಾಕ್ಟರು ಬರೆಯುವುದನ್ನು ನಿಲ್ಲಿಸಿದಾಗ ಇನ್ನೊಬ್ಬರ ಹತ್ತಿರ ಹೋದಳು, ಅವರೂ ಹುಬ್ಬು ಗಂಟಿಕ್ಕಿದಾಗ ಮತ್ತೊಬ್ಬರ ಹತ್ತಿರ. ಕಡೆಗೆ ಗುರುತಿನವರು ಯಾರೂ ಇಲ್ಲದ ಬಡಾವಣೆಗಳಲ್ಲಿ ಡಾಕ್ಟರ ಚೀಟಿ ಕೇಳದ ಮೆಡಿಕಲ್ ಶಾಪುಗಳನ್ನು ಹುಡುಕಿಕೊಂಡಳು. ಮಾತ್ರೆಗಳು ಕಾರಿನ ಡ್ಯಾಶ್‌ಬೋರ್ಡಿನೊಳಗೆ ಪೆಪ್ಪರ್‌ಮಿಂಟಿನ ಡಬ್ಬಿಯಲ್ಲಿ ಇರುತ್ತಿದ್ದವು. ಒಮ್ಮೆ ಕೆಮ್ಮು ಬಂದ ಕಾಲೇಜು ಹುಡುಗಿಯೊಬ್ಬಳು "ಅಕ್ಕಾ, ಒಂದು ಪೆಪ್ಪರ್‌ಮಿಂಟ್ ತಗೊಳ್ಲಾ?" ಎಂದು ಕೈ ಚಾಚಿದಾಗ ಬ್ರೇಕಕ್ಕ ಅವಳ ಕೈ ಮೇಲೆ ಫಟ್ಟನೆ ಹೊಡೆದುಬಿಟ್ಟಿದ್ದಳು. ಆ ಹುಡುಗಿ ಮಾರನೆಯ ದಿನದಿಂದ ಬರಲಿಲ್ಲ.

"ಔಷಧಿ ತಾನೇ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಚಟವಿದ್ದವರು ಬೀದಿಯಲ್ಲಿ ಬಿದ್ದಿರುತ್ತಾರೆ. ತಾನು ದಿನಾ ಮುಂಜಾನೆ ಎದ್ದು ಕಾರು ಒರೆಸುತ್ತೇನೆ. ಅಲ್ಲಿಗೆ ವಾದ ಮುಗಿಯುತ್ತಿತ್ತು.

ಆ ದಿನಗಳಲ್ಲಿ ಅವಳ ಹತ್ತಿರ ಕಲಿಯಲು ಬಂದವರು ಟೀಚರಮ್ಮ. ನಿವೃತ್ತರಾದ ಗಣಿತದ ಟೀಚರು. ಗಂಡ ತೀರಿಕೊಂಡ ಮೇಲೆ ಅವರ ಕಾರು ಶೆಡ್ಡಿನಲ್ಲಿ ಧೂಳು ತಿನ್ನುತ್ತಿತ್ತು. ಅದನ್ನು ಮಾರುವುದಿಲ್ಲ, ತಾನೇ ಓಡಿಸುತ್ತೇನೆ ಎಂದು ಹಟ ಹಿಡಿದು ಬಂದಿದ್ದರು. ತುಂಟ ಹುಡುಗನ ಎರಡೂ ಕಿವಿ ಹಿಡಿದ ಹಾಗೆ ಸ್ಟೀರಿಂಗ್ ಹಿಡಿಯುತ್ತಿದ್ದರು.

"ಒಂದು ಕ್ಲಾಸಿಗೆ ಕ್ಲಾಸನ್ನೇ ಕಣ್ಣಲ್ಲಿ ಕೂರಿಸಿದೋಳು ನಾನು. ಈ ಡಬ್ಬ ನನ್ನ ಮಾತು ಕೇಳ್ತಿಲ್ವಲ್ಲ ಮಗೂ!"

"ಅದಕ್ಕೆ ಗಣಿತ ಬರಲ್ಲ ಟೀಚರಮ್ಮ. ಮೆಲ್ಲಗೆ ಕ್ಲಚ್ ಬಿಡಿ, ಅದೇ ಕೇಳತ್ತೆ."

ನಿಲ್ಲಿಸಬೇಕಾದಲ್ಲೆಲ್ಲ ಟೀಚರಮ್ಮ ಕಣ್ಣು ಮುಚ್ಚಿಬಿಡುತ್ತಿದ್ದರು. ಎರಡನೇ ಬ್ರೇಕೇ ಅವರ ಪಾಲಿಗೆ ದೇವರಾಗಿತ್ತು.

ಒಂದು ಮಧ್ಯಾಹ್ನ ಊಟದ ನಂತರ ಬ್ರೇಕಕ್ಕ ಡಬ್ಬಿಯಿಂದ ಮಾಮೂಲಿಗಿಂತ ಒಂದು ಮಾತ್ರೆ ಹೆಚ್ಚಾಗಿಯೇ ನುಂಗಿದ್ದಳು. ಶಾಲೆ ಬಿಡುವ ಹೊತ್ತು. ಕಾರು ಶಾಲೆಯ ಮುಂದೆ ಮಕ್ಕಳು ರಸ್ತೆ ದಾಟುವ ಪಟ್ಟೆಗೆರೆಯ ಹತ್ತಿರ ಬರುತ್ತಿತ್ತು. ರಸ್ತೆ ದಾಟಿ ಹೋಗಿದ್ದ ಒಂದು ಪುಟ್ಟ ಹುಡುಗಿ, ಬಿದ್ದ ಟೊಪ್ಪಿ ಎತ್ತಿಕೊಳ್ಳಲು ಸರ್ರನೆ ತಿರುಗಿ ಓಡಿಬಂದಳು.

ಬ್ರೇಕಕ್ಕ ಅವಳನ್ನು ನೋಡಿದಳು. ಕೆಂಪು ಟೊಪ್ಪಿ, ಬಿಚ್ಚಿದ ಶೂ ಲೇಸು, ಬಾಗಿದ ಬೆನ್ನಿನ ಮೇಲೆ ತಲೆಗಿಂತ ದೊಡ್ಡ ಚೀಲ. ಎಲ್ಲವನ್ನೂ ಸ್ಪಷ್ಟವಾಗಿ, ಗಾಜಿನ ಆಚೆ ಇರುವ ಚಿತ್ರದಂತೆ ನೋಡಿದಳು. ಕಾಲು ಏಳಲಿಲ್ಲ. ಏಳಬೇಕು ಎಂಬ ಯೋಚನೆ ಬಂತು, ಆದರೆ ಅದು ನಿಧಾನವಾಗಿ, ಬೇರೆ ಯಾರದೋ ವಿಳಾಸ ಕೇಳಿಕೊಂಡು ಬಂದವರ ಹಾಗೆ ಬಂತು.

ಕಾರು ಗಕ್ಕನೆ ನಿಂತು ಎಂಜಿನ್ ಆಫ್ ಆಯಿತು. ಬಂಪರಿಗೂ ಹುಡುಗಿಗೂ ನಡುವೆ ಒಂದು ಗೇಣು. ಹುಡುಗಿ ಟೊಪ್ಪಿ ಕೊಡವಿ ತಲೆಗಿಟ್ಟುಕೊಂಡು, ಇವರ ಕಡೆ ನೋಡದೆಯೇ ಓಡಿಹೋದಳು.

ಟೀಚರಮ್ಮನ ಎರಡೂ ಪಾದ ಬ್ರೇಕಿನ ಮೇಲಿದ್ದವು. ಆಮೇಲೆ ಅವರು ತಮ್ಮ ಕಾಲನ್ನು ನೋಡಿಕೊಂಡರು, ಬ್ರೇಕಕ್ಕನ ಕಾಲನ್ನು ನೋಡಿದರು, ಮುಖ ಅರಳಿತು.

"ನಾನೇ ನಿಲ್ಲಿಸಿದೆ! ನೀನು ಕಾಲು ಇಡಲೇ ಇಲ್ಲ! ಬೇಕಂತಲೇ ಬಿಟ್ಟೆ ಅಲ್ವಾ? ಇವಳ ಕೈಲಾಗತ್ತೆ ಅಂತ ನಂಬಿದೆ ಅಲ್ವಾ?"

ಬ್ರೇಕಕ್ಕ ಹುಡುಗಿ ಓಡಿಹೋದ ಕಡೆ ಕಣ್ಣು ಹೊರಳಿಸಿದಳು. "ಹೌದು ಟೀಚರಮ್ಮ," ಅಂದಳು.

ಆ ಒಂದು ಮಾತು ಅವಳ ಬೆನ್ನು ಬಿಡಲಿಲ್ಲ. ಟೀಚರಮ್ಮ ಅದನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದರು. ಮಾರನೆಯ ದಿನ ಕೈತುಂಬ ದೊಡ್ಡ ಕೇಕು ಹಿಡಿದು ಮನೆಗೇ ಬಂದು, "ನಿಮ್ಮ ಸೊಸೆ ಸಾಮಾನ್ಯದವಳಲ್ಲ. ನಂಬಿಕೆ ಇಟ್ಟು ಕಲಿಸೋ ಮೇಷ್ಟ್ರು ಎಲ್ಲಿ ಸಿಗ್ತಾರೆ ಹೇಳಿ," ಎಂದು ಅತ್ತೆಯ ಮುಂದೆ ಹೊಗಳಿದರು. ಬ್ರೇಕಕ್ಕನ ಗಂಡ ಮನೆಯ ಹಿಂದಿನ ತನ್ನ ಗ್ಯಾರೇಜಿನಿಂದ ಗ್ರೀಸು ಹತ್ತಿದ ಕೈಯಲ್ಲೇ ಬಂದು ಕೇಕು ತಿಂದು, ಹೆಂಡತಿಯನ್ನು ಹೆಮ್ಮೆಯಿಂದ ನೋಡಿದ. ಅವಳು ತನ್ನ ಪಾಲಿನ ಕೇಕನ್ನು ತಟ್ಟೆಯಲ್ಲೇ ಬಿಟ್ಟಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಗಳಿಕೆಗೆ ಏನು ಉತ್ತರ ಕೊಡುವುದು?

ಅವತ್ತೇ ಡಬ್ಬಿಯನ್ನು ಮೋರಿಗೆ ಸುರಿದಳು. ಇನ್ನು ಮುಟ್ಟುವುದಿಲ್ಲ, ಮುಗಿಯಿತು.

ಮಾರನೆಯ ದಿನದಿಂದ ಅವಳ ಮೈ ಅವಳ ಮೇಲೇ ಜಗಳಕ್ಕೆ ನಿಂತಿತು. ಒಂದಾದ ಮೇಲೊಂದು ಆಕಳಿಕೆ, ಮೂಗಿನಿಂದ ಕಣ್ಣಿನಿಂದ ನೀರು, ಚಳಿಯಲ್ಲೇ ಬೆವರು. ಕಾಲುಗಳು ತಾವಾಗಿಯೇ ಒದ್ದುಕೊಳ್ಳುತ್ತಿದ್ದವು. ಹೊಟ್ಟೆ ಹಿಂಡಿ ಹಿಂಡಿ ಬರುತ್ತಿತ್ತು. ಗಂಡ ಜ್ವರ ಎಂದುಕೊಂಡು ಬಿಸಿನೀರು ಕಾಯಿಸಿಕೊಟ್ಟ, ಹಣೆ ಮುಟ್ಟಿ ಮುಟ್ಟಿ ನೋಡಿದ. ಸಹಿಸಿದಳು, ಸಹಿಸಿದಳು. ಆಮೇಲೊಂದು ಸಂಜೆ ಅವನು ಗ್ಯಾರೇಜಿನಲ್ಲಿ ರೇಡಿಯೋ ಹಾಕಿಕೊಂಡು ಕೆಲಸ ಮಾಡುತ್ತಿದ್ದಾಗ, ಗೋಡೆ ಹಿಡಿದುಕೊಂಡು ಕಾರಿನವರೆಗೆ ನಡೆದಳು. ಯಾವತ್ತಾದರೂ ಒಂದು ಮಾತ್ರೆ ಕೈಜಾರಿ ಬಿದ್ದಿರಬೇಕಲ್ಲವೇ? ಮಂಡಿಯೂರಿ, ಕೆನ್ನೆಯನ್ನು ಕೊಳೆ ಮ್ಯಾಟಿಗೆ ಒತ್ತಿ, ಸೀಟಿನ ಕಂಬಿಗಳ ಸಂದಿಯಲ್ಲಿ ಉಗುರು ಹಾಕಿ ಕೆದಕಿದಳು. ಕೂದಲು, ಮರಳು, ಹಳೇ ಕಡಲೆ ಸಿಪ್ಪೆ. ಅವುಗಳ ನಡುವೆ ಒಂದು ಬಿಳಿ ಗುಂಡು. ಒರೆಸಲೂ ಇಲ್ಲ, ನುಂಗಿದಳು.

ನುಂಗಿದ ಮೇಲೆ ಅಲ್ಲೇ, ಕಾರಿನ ನೆಲದ ಮೇಲೆ ತಲೆಯಿಟ್ಟುಕೊಂಡೇ ಅವಳಿಗೆ ಹೊಳೆಯಿತು. ಬೆನ್ನು ನೋಯುತ್ತಿಲ್ಲ. ಬೆನ್ನು ನೋಯುವುದು ನಿಂತು ಎಷ್ಟೋ ಕಾಲವಾಗಿದೆ. ಹಾಗಾದರೆ ಇದು ಔಷಧಿಯಲ್ಲ. ಬೀದಿಯಲ್ಲಿ ಬೀಳುವವರಿಗೂ ತನಗೂ ಇರುವ ವ್ಯತ್ಯಾಸ, ತಾನು ಬಿದ್ದಿರುವುದು ಸ್ವಂತ ಕಾರಿನೊಳಗೆ ಎಂಬುದಷ್ಟೇ.

ವ್ಯಸನಮುಕ್ತಿ ಸಲಹಾ ಕೇಂದ್ರ ದೊಡ್ಡಾಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ, ಕನ್ನಡಕದ ಅಂಗಡಿಯ ಮೇಲಿತ್ತು. ಎಷ್ಟೋ ಸಲ ಆ ಗಲ್ಲಿಯಲ್ಲಿ ಕಲಿಯುವವರಿಗೆ ರಿವರ್ಸ್ ಹೇಳಿಕೊಟ್ಟಿದ್ದಳು, ಆ ಬೋರ್ಡನ್ನು ಓದಿರಲಿಲ್ಲ. ಕನ್ನಡಕ ಕೊಳ್ಳಲು ಬಂದವಳಂತೆ ಸುಮ್ಮನೆ ಗಾಜಿನೊಳಗೆ ಇಣುಕುತ್ತ ನಿಂತಳು. ಅಂಗಡಿಯವನು "ಬನ್ನಿ ಮೇಡಂ, ದೂರದ್ದಾ ಹತ್ತಿರದ್ದಾ?" ಎಂದು ಕೇಳಿದ ಮೇಲೆ, ಅವನಿಂದ ತಪ್ಪಿಸಿಕೊಳ್ಳಲೆಂದೇ ಮೆಟ್ಟಿಲು ಹತ್ತಿದಳು.

ಒಳಗೆ ಮೇಜಿನ ಹಿಂದೆ ಕೂತಿದ್ದವರು ಬೋಳುತಲೆಯ ಕೌನ್ಸೆಲರ್. ಕೊರಳಿಗೆ ದಾರದಲ್ಲಿ ಕನ್ನಡಕ ತೂಗಿಹಾಕಿಕೊಂಡು, ಅಳತೆ ತೆಗೆಯಲು ಕಾದಿರುವ ಟೈಲರಿನ ಹಾಗೆ ಕಾಣುತ್ತಿದ್ದರು.

"ಹೇಳಿ ಮೇಡಂ."

"ನನಗಲ್ಲ ಸರ್. ನನ್ನ ತಂಗಿಗೆ."

"ಸರಿ. ತಂಗಿಗೆ ಏನಾಗಿದೆ?"

ಅವಳು ಹೇಳಿದಳು. ಬಿದ್ದದ್ದು, ಮಾತ್ರೆ, ಅಂಗಡಿಯಿಂದ ಅಂಗಡಿಗೆ ಅಲೆದದ್ದು. ಅವರು ನಡುವೆ ಬಾಯಿ ಹಾಕಲಿಲ್ಲ. ಛೆ ಛೆ ಅನ್ನಲಿಲ್ಲ.

"ತಂಗಿ ಏನು ಕೆಲಸ ಮಾಡ್ತಾರೆ?"

"ಡ್ರೈವಿಂಗ್ ಕಲಿಸ್ತಾಳೆ," ಎಂದವಳೇ ನಾಲಿಗೆ ಕಚ್ಚಿಕೊಂಡಳು. ಅವಳು ಹಾಕಿಕೊಂಡಿದ್ದ ಕೋಟಿನ ಜೇಬಿನ ಮೇಲೆ ಡ್ರೈವಿಂಗ್ ಸ್ಕೂಲು ಎಂದು ದಪ್ಪಕ್ಷರದಲ್ಲಿ ಹೊಲಿದಿತ್ತು. ಕೌನ್ಸೆಲರ್ ಆ ಜೇಬನ್ನು ನೋಡಿದರು. ನೋಡಿ, ಕಿಟಕಿಯ ಕಡೆ ತಿರುಗಿದರು.

"ನಿಲ್ಲಿಸೋಕೆ ಪ್ರಯತ್ನಪಟ್ರಾ ಅವರು?"

"ಪಟ್ಟಳು. ಆಗ್ಲಿಲ್ಲ. ಛಲ ಸಾಲದು ಅವಳಿಗೆ."

"ಛಲದ ಮಾತಲ್ಲ ಅದು, ತಂಗಿಗೆ ಹೇಳಿ. ಮೈ ಆ ಮಾತ್ರೆಗೆ ಒಗ್ಗಿಬಿಟ್ಟಿರತ್ತೆ. ಒಂದೇ ಏಟಿಗೆ ಕಿತ್ತರೆ ಕಿರುಚತ್ತೆ. ಒಬ್ಬಳೇ ರೂಮಲ್ಲಿ ಹಲ್ಲು ಕಚ್ಕೊಂಡು ಮಾಡೋ ಕೆಲಸ ಅಲ್ಲ. ಇಲ್ಲಿ ಡಾಕ್ಟರಮ್ಮ ಇದ್ದಾರೆ, ಮೈಯನ್ನ ಅವರು ಮೆಲ್ಲಗೆ ಇಳಿಸ್ತಾರೆ. ಮನಸ್ಸಿನ ಕೆಲಸ ನಾವು ಕೂತು ಮಾತಾಡಿ ಮಾಡ್ತೀವಿ. ಎಷ್ಟೋ ಜನ ದಾಟಿ ಹೋಗಿದ್ದಾರೆ." ಕಿಟಕಿಯಿಂದ ಅವಳ ಕಡೆ ತಿರುಗಿ ಹೇಳಿದರು: "ಅಲ್ಲೀವರೆಗೆ ತಂಗಿ ಕಾರು ಮುಟ್ಟಬಾರದು. ಪಕ್ಕದ ಸೀಟಲ್ಲೂ ಕೂರಬಾರದು."

"ಅದು ಹೇಗಾಗತ್ತೆ ಸರ್? ನನ್ನ ಹತ್ರ ಕಲಿಯೋರು ಏನು ಮಾಡ್ಬೇಕು?"

"ನಿಮ್ಮ ತಂಗಿ ಹತ್ರ ಕಲಿಯೋರು," ಎಂದು ಅವರು ಮೆಲ್ಲಗೆ ತಿದ್ದಿದರು.

ಅವಳಿಗೆ ನಗು ಬಂತು. ತಡೆಯಲಾಗದ ನಗು. ನಗುತ್ತ ನಗುತ್ತ ಅದು ಯಾವಾಗ ಅಳುವಾಯಿತೋ ತಿಳಿಯಲಿಲ್ಲ.

"ನನಗೆ ತಂಗಿಯೇ ಇಲ್ಲ ಸರ್. ಅಣ್ಣತಮ್ಮಂದಿರ ಮಧ್ಯೆ ನಾನೊಬ್ಬಳೇ ಹೆಣ್ಣು."

"ಅನ್ಕೊಂಡೆ," ಅಂದರು ಅವರು, ನೀರಿನ ಲೋಟ ಮುಂದಕ್ಕೆ ತಳ್ಳುತ್ತ. "ತಂಗಿ ಮಾತ್ರೆ ತಗೊಂಡ್ರೆ ಇಷ್ಟು ಬೆವರೋ ಅಕ್ಕನ್ನ ನಾನು ನೋಡಿಲ್ಲ."

ಮನೆಯಲ್ಲಿ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಗಂಡ ತಟ್ಟೆಯ ಮುಂದೆ ಕೂತಿದ್ದ. ಅತ್ತೆ ಮೂಲೆಯ ಕುರ್ಚಿಯಲ್ಲಿದ್ದರು. ಅತ್ತೆಗೆ ಕಿವಿ ಮಂದ, ಆದರೆ ಅದು ಅವರಿಗೆ ಬೇಕಾದಾಗ ಮಾತ್ರ. ಬ್ರೇಕಕ್ಕ ನಿಂತುಕೊಂಡೇ ಎಲ್ಲ ಹೇಳಿದಳು. ಟೊಪ್ಪಿಯ ಹುಡುಗಿಯನ್ನೂ ಬಿಡಲಿಲ್ಲ.

ಗಂಡನ ಮುಖ ಕಪ್ಪಿಟ್ಟಿತು. "ಡಾಕ್ಟರು ಬರೆದುಕೊಟ್ಟ ಔಷಧಿ ತಾನೇ ಅದು? ಕುಡುಕರನ್ನ ಕರ್ಕೊಂಡು ಹೋಗೋ ಜಾಗಕ್ಕೆ ನೀನ್ಯಾಕೆ ಹೋದೆ? ಯಾರಾದ್ರೂ ನೋಡಿದ್ರೆ? ಸ್ಕೂಲಿಗೆ ಬೀಗ ಹಾಕ್ಬೇಕಾಗತ್ತೆ ಅಷ್ಟೇ."

"ಹಾಕೋದೇ ರೀ. ನಾಳೆಯಿಂದ ಹಾಕೋದೇ."

"ಜನಕ್ಕೆ ಏನು ಹೇಳ್ಲಿ ನಾನು?"

"ಜನಕ್ಕೆ ಹೇಳೋದು ಇರ್ಲಿ, ಮೊದಲು ನಾನು ಹೇಳೋದು ಕೇಳು," ಎಂದು ಮೂಲೆಯಿಂದ ದನಿ ಬಂತು. ಇಬ್ಬರೂ ತಿರುಗಿದರು. ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು.

"ನಿಮ್ಮಪ್ಪ ಕುಡಿದೇ ಹೋದ್ರು. ಎಲ್ಲರ ಹತ್ರ ಹೃದಯದ ಕಾಯಿಲೆ ಅಂತ ಹೇಳ್ದೆ, ನಿನ್ನ ಹತ್ರಾನೂ. ಜನ ಏನಂತಾರೋ ಅಂತ ಬಾಗಿಲು ಹಾಕ್ಕೊಂಡು ಇಷ್ಟು ವರ್ಷ ಮುಚ್ಚಿಟ್ಟೆ. ಮುಚ್ಚಿಟ್ಟು ಏನೋ ಉಳಿಸ್ಕೊಂಡೆ ನಾನು? ಅವರು ಒಂದೇ ಒಂದು ದಿನ ಹೀಗೆ ನನ್ನ ಮುಂದೆ ನಿಂತು ಬಾಯಿ ಬಿಟ್ಟಿದ್ರೆ ಕೈ ಹಿಡ್ಕೊಂಡು ಎಲ್ಲಿಗೆ ಬೇಕಾದ್ರೂ ಹೋಗ್ತಿದ್ದೆ. ಇವಳು ಬಿಟ್ಟಿದ್ದಾಳೆ. ನೀನು ನಿನ್ನ ಬಾಯಿ ಮುಚ್ಕೊಂಡು ನಾಳೆ ಇವಳ ಜೊತೆ ಹೋಗ್ತೀಯ."

ಅಪ್ಪನ ಸಾವಿನ ಕಾರಣ ಆ ವಯಸ್ಸಿನಲ್ಲಿ ಗಂಡನಿಗೆ ಮೊದಲ ಸಲ ತಿಳಿದದ್ದು. ಊಟ ಬಿಟ್ಟು ಎದ್ದುಹೋದ. ಬ್ರೇಕಕ್ಕ ಅವನು ಬರುವುದಿಲ್ಲ ಎಂದೇ ತಿಳಿದಳು. ಆದರೆ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಉಗುರಿನ ಗ್ರೀಸು ತಿಕ್ಕಿ ತೊಳೆದುಕೊಂಡು ಬಾಗಿಲಲ್ಲಿ ನಿಂತಿದ್ದ. ಕಾರಿನ ಮೇಲೆ ಟಾರ್ಪಾಲು ಹೊದಿಸಿಯಾಗಿತ್ತು.

"ಬಸ್ಸಲ್ಲಿ ಹೋಗೋಣ," ಅಂದ. ಇಳಿಯುವಾಗ ಅವಳ ಮೊಣಕೈ ಹಿಡಿದುಕೊಂಡ.

ಡಾಕ್ಟರಮ್ಮ ಪ್ರಮಾಣ ಇಳಿಸುತ್ತ ಹೋದರು. ಮೈ ಸುಧಾರಿಸುವುದು ಒಂದು ಪ್ರಯಾಸವಾದರೆ, ಬರಿದಾದ ಮಧ್ಯಾಹ್ನಗಳನ್ನು ದಾಟುವುದು ಇನ್ನೊಂದು. ವಾರವಾರ ಕೇಂದ್ರದಲ್ಲಿ ಎಲ್ಲರೂ ಸುತ್ತ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು: ಒಬ್ಬ ಹೋಟೆಲ್ ಅಡುಗೆಯವನು, ಒಬ್ಬ ಕಾಲೇಜು ಲೆಕ್ಚರರು, ನಿದ್ದೆ ಮಾತ್ರೆಯ ಚಟಕ್ಕೆ ಬಿದ್ದ ಒಬ್ಬ ಅಜ್ಜಿ. ಮೊದಮೊದಲು ಬ್ರೇಕಕ್ಕ ಗೋಡೆ ನೋಡಿಕೊಂಡು ಕೂತಿರುತ್ತಿದ್ದಳು. ಒಂದು ದಿನ ಕೌನ್ಸೆಲರ್ ಕೇಳಿದರು:

"ಆ ಶಾಲು ಹೊದಿಸ್ದ ಹಾಗೆ ಅಂದ್ರಲ್ಲ ಮೇಡಂ. ಅದಕ್ಕೆ ಮುಂಚೆ ಅಷ್ಟೊಂದು ಚಳಿ ಎಲ್ಲಿತ್ತು?"

ಅವಳು ಗೋಡೆಯಿಂದ ಕಣ್ಣು ತೆಗೆದಳು. ಆಮೇಲೆ ನಿಧಾನವಾಗಿ ಬಾಯಿ ಬಿಟ್ಟಳು. "ಇಪ್ಪತ್ತು ವರ್ಷದಿಂದ ಬೇರೆಯವರ ತಪ್ಪಿಗೆ ಕಾಯ್ತಾ ಕೂತಿದ್ದೀನಿ ಸರ್. ಯಾರು ಎಲ್ಲಿ ಎಡವ್ತಾರೋ, ಯಾವ ಕಡೆಯಿಂದ ಏನು ನುಗ್ಗತ್ತೋ ಅಂತ. ಕಾರಿಂದ ಇಳಿದ್ರೂ ಈ ಕಾಲು ಕೆಳಗೆ ಇಳಿಯಲ್ಲ. ಮನೇಲೂ ಹಾಗೇ. ಅತ್ತೆ ಎಲ್ಲಿ ಜಾರ್ತಾರೋ, ಇವರು ಜ್ಯಾಕಿನ ಕೆಳಗೆ ಎಲ್ಲಿ ಸಿಕ್ಕಾಕ್ಕೊಳ್ತಾರೋ ಅಂತ. ಆ ಮಾತ್ರೆ ತಗೊಂಡಾಗ ಮೊದಲನೇ ಸಲ ಕಾಲು ಕೆಳಗಿಟ್ಟೆ."

ಅಜ್ಜಿ ಪಕ್ಕದಿಂದ ಕೈ ಚಾಚಿ ಅವಳ ಮಂಡಿ ತಟ್ಟಿದರು. ಅಂದಿನಿಂದ ಕೆಲಸ ಶುರುವಾಯಿತು. ಮಾತ್ರೆಯಿಲ್ಲದೆ ಕಾಲು ಕೆಳಗಿಡುವುದನ್ನು, ಮಗು ಕಾಗುಣಿತ ಕಲಿತಂತೆ ಕಲಿತಳು. ಸಂಜೆ ಗಂಡನ ಜೊತೆ ಸುಮ್ಮನೆ ಒಂದು ಸುತ್ತು ನಡೆಯುವುದು, ಬೆನ್ನಿಗೆ ಹೇಳಿಕೊಟ್ಟ ವ್ಯಾಯಾಮ ಮಾಡುವುದು, ಭಯವಾದಾಗ ನುಂಗಿಕೊಳ್ಳದೆ "ನನಗೆ ಭಯ ಆಗ್ತಿದೆ" ಎಂದು ಬಾಯಿ ಬಿಟ್ಟು ಹೇಳುವುದು. ಕೊನೆಯದೇ ಎಲ್ಲಕ್ಕಿಂತ ಕಠಿಣವಾಗಿತ್ತು.

ನಡುವೆ ಒಮ್ಮೆ ಬಿದ್ದಳು. ಗಂಡನ ಕಡೆಯ ನೆಂಟಳೊಬ್ಬಳು ಬಂದು, "ಮಾತ್ರೆ ಚಟವಂತೆ, ಪಾಪ," ಎಂದು ಅವಳಿಗೆ ಕೇಳುವಂತೆಯೇ ಮೂಗು ಮುರಿದು ಹೋದಳು. ಮಾರನೆಯ ದಿನ ಬ್ರೇಕಕ್ಕ ಹಳೆಯ ಬಡಾವಣೆಯ ಬಸ್ಸು ಹತ್ತಿದಳು. ಅಂಗಡಿಯವನು ಅವಳನ್ನು ಮರೆತಿರಲಿಲ್ಲ. ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ನುಂಗಿಯೂ ಬಿಟ್ಟಳು. ಆದರೆ ಬಂದ ಬಸ್ಸಿನಲ್ಲಿ ಮನೆಗೆ ಹೋಗಲಿಲ್ಲ. ನೇರ ಕೇಂದ್ರದ ಮೆಟ್ಟಿಲು ಹತ್ತಿ, ಉಳಿದ ಮಾತ್ರೆಗಳ ಪಟ್ಟಿಯನ್ನು ಮೇಜಿನ ಮೇಲೆ ಒಗೆದಳು.

"ಎಲ್ಲ ಹಾಳು ಮಾಡ್ಕೊಂಡೆ ಸರ್. ಮತ್ತೆ ಮೊದಲಿಂದ."

ಕೌನ್ಸೆಲರ್ ಆ ಪಟ್ಟಿಯನ್ನು ಡ್ರಾಯರಿಗೆ ಹಾಕಿ, ಡಾಕ್ಟರಮ್ಮನನ್ನು ಕರೆಸಿದರು. ಆಮೇಲೆ ಹೇಳಿದರು: "ಮುಂಚೆ ಆಗಿದ್ರೆ ಇದನ್ನ ಏನು ಮಾಡ್ತಿದ್ರಿ?"

"ಬಚ್ಚಿಡ್ತಿದ್ದೆ."

"ಇವತ್ತು ತಂದು ನನ್ನ ಮೇಜಿನ ಮೇಲೆ ಒಗೆದಿದ್ದೀರಿ, ಅದೂ ಬೈದುಕೊಂಡು. ಮೊದಲಿಂದ ಅಂತ ಯಾರು ಹೇಳಿದ್ದು?"

ಅವಳು ಹಾಗೆ ಬಿದ್ದದ್ದು ಅದೇ ಕೊನೆ. ಮಾತ್ರೆ ಪೂರ್ತಿ ನಿಂತು, ನಿದ್ದೆ ಹಿಂದಿರುಗಿ, ಅನ್ನದ ರುಚಿ ಗೊತ್ತಾಗತೊಡಗಿದಾಗ ಅವಳಿಗೆ ಉಳಿದಿದ್ದ ಒಂದು ಕೆಲಸ ಟೀಚರಮ್ಮನ ಮನೆಯ ಬೆಲ್ಲು ಒತ್ತುವುದು. ಅದಕ್ಕೆ ಮೂರು ಸಲ ಹೋಗಿ ಗೇಟಿನಿಂದಲೇ ತಿರುಗಿ ಬಂದಿದ್ದಳು.

ಟೀಚರಮ್ಮ ಬಾಗಿಲು ತೆಗೆದು ಹಿಗ್ಗಿದರು. "ಬಂದ್ಯಾ ಮಗೂ! ಬೇರೆ ಸ್ಕೂಲಿಗೆ ಹೋಗು ಅಂತ ಎಲ್ಲರೂ ಹೇಳ್ತಾರೆ. ನಾನು ಒಲ್ಲೆ ಅಂದೆ."

"ಟೀಚರಮ್ಮ, ಅವತ್ತು ನಾನು ನಿಮ್ಮನ್ನ ನಂಬಿ ಕಾಲು ಬಿಟ್ಟಿದ್ದಲ್ಲ. ಮಾತ್ರೆ ಮತ್ತಲ್ಲಿದ್ದೆ. ಕಾಲು ಏಳ್ಲಿಲ್ಲ. ನಿಮ್ಮ ಹತ್ರ ಸುಳ್ಳು ಹೇಳಿದೆ."

ಟೀಚರಮ್ಮನ ನಗು ಇದ್ದಲ್ಲೇ ನಿಂತಿತು. ಕೂರು ಅನ್ನಲಿಲ್ಲ. ಪೂರ್ತಿ ಕೇಳಿಸಿಕೊಂಡರು.

"ಮಗು ಇತ್ತು ಅಲ್ಲಿ," ಅಂದರು. "ಜೀವಮಾನ ಪೂರ್ತಿ ಮಕ್ಕಳ ಜೊತೆ ಕಳೆದೋಳು ನಾನು. ನನ್ನ ಕೈಯಲ್ಲಿ ಒಂದು ಮಗು ಹೋಗಿದ್ರೆ? ನೀನು ಪಕ್ಕದಲ್ಲಿ ಕೂತು ನಿದ್ದೆ ಹೋಗಿದ್ದೆ, ನನಗೆ ಗೊತ್ತೂ ಇರ್ಲಿಲ್ಲ." ತಟ್ಟನೆ ತಿರುಗಿ ಒಳಗೆ ಹೋಗಿಬಿಟ್ಟರು.

ಬ್ರೇಕಕ್ಕ ನಿಂತೇ ಇದ್ದಳು. ಓಡಿಹೋಗೋಣವೆಂದು ಕಾಲು ತವಕಿಸಿತು, ಬಿಡಲಿಲ್ಲ. ಒಳಗೆ ಪಾತ್ರೆಗಳು ದಡಬಡ ಸದ್ದು ಮಾಡಿದವು. ನಲ್ಲಿ ಬಿಟ್ಟ ಸದ್ದು, ನಿಲ್ಲಿಸಿದ ಸದ್ದು. ಕಡೆಗೆ ಟೀಚರಮ್ಮ ಎರಡು ಲೋಟ ಚಹ ಹಿಡಿದು ಹೊರಬಂದರು. ಮುಖ ಇನ್ನೂ ಗಂಟಾಗಿಯೇ ಇತ್ತು.

"ಒಂದು ವಿಷಯ ಕೇಳ್ತೀನಿ, ಸುಳ್ಳು ಹೇಳ್ಬೇಡ."

"ಇಲ್ಲ ಟೀಚರಮ್ಮ."

"ಹಾಗಾದ್ರೆ ಬ್ರೇಕು ಹಾಕಿದ್ದು ಪೂರ್ತಿ ನಾನೇ? ನಿನ್ನ ಕಾಲು ಚೂರೂ ತಾಗಿರ್ಲಿಲ್ವಾ?"

"ಚೂರೂ ಇಲ್ಲ."

"ನೀನಿದ್ದೀಯ ಅನ್ನೋ ಧೈರ್ಯಕ್ಕೆ ನಿಂತಿದ್ದು ಅಂತ ಇಷ್ಟು ದಿನ ಅರ್ಧ ಶ್ರೇಯ ನಿನಗೆ ಕೊಟ್ಟಿದ್ದೆ," ಅಂದರು ಟೀಚರಮ್ಮ. "ವಾಪಸ್ ತಗೊಂಡೆ." ತುಟಿಯ ತುದಿ ಅದುರಿತು. "ಕೋಪ ಹೋಗಿಲ್ಲ ನನಗೆ. ಬೇಗ ಹೋಗೋದೂ ಇಲ್ಲ. ಚಹ ಕುಡಿ, ಆರಿಹೋಗತ್ತೆ. ಯಾವಾಗಿಂದ ಕ್ಲಾಸು?"

ಕ್ಲಾಸು ಶುರುವಾಗುವ ಮುಂಚೆ ಡಾಕ್ಟರಮ್ಮ ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟರು. ಗಂಡನಿಗೆ ಅದು ಸಾಲಲಿಲ್ಲ. ಒಂದು ಭಾನುವಾರ ಟಾರ್ಪಾಲು ಎಳೆದು, ಎಣ್ಣೆ ಬದಲಿಸಿ, ಹೆಂಡತಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಊರಾಚೆಯ ಖಾಲಿ ಮೈದಾನಕ್ಕೆ ಕಾರು ಓಡಿಸಿದ. ಅಲ್ಲಿ ಖಾಲಿ ಡ್ರಮ್ಮುಗಳನ್ನು ಜೋಡಿಸಿದ್ದ. ಅದೂ ಇದೂ ಮಾತಾಡುತ್ತ, ಗೆಳೆಯನ ಕಾರಿನ ಗೇರ್‌ಬಾಕ್ಸಿನ ಕಥೆ ಹೇಳುತ್ತ, ಇದ್ದಕ್ಕಿದ್ದಂತೆ ಡ್ರಮ್ಮುಗಳ ಕಡೆ ತಿರುಗಿಸಿ ಆಕ್ಸಿಲರೇಟರ್ ಒತ್ತಿದ.

ಅವಳು ಯೋಚಿಸಲಿಲ್ಲ. ಯೋಚನೆ ಬರುವುದರೊಳಗೆ ಕಾಲು ಕೆಲಸ ಮುಗಿಸಿತ್ತು. ಕಾರು ಧೂಳೆಬ್ಬಿಸಿಕೊಂಡು ನಿಂತಿತು, ಗಂಡನ ಹಣೆ ಸ್ಟೀರಿಂಗಿಗೆ ಮುಟ್ಟಿ ಬಂತು.

"ಸಾಕೇನ್ರೀ?"

"ಇನ್ನೊಂದು ಸಲ."

ಇನ್ನೊಂದು ಸಲ, ಮತ್ತೊಂದು ಸಲ. ಎಡದಿಂದ, ಬಲದಿಂದ, ಹಿಮ್ಮುಖವಾಗಿ. ಒಂದು ಡ್ರಮ್ಮೂ ಅಲ್ಲಾಡಲಿಲ್ಲ. ಕಡೆಗೆ ಅವನು ಕಾರು ನಿಲ್ಲಿಸಿ, ಉಬ್ಬಿದ ಹಣೆ ಉಜ್ಜಿಕೊಳ್ಳುತ್ತ ನಗತೊಡಗಿದ. ಅವಳೂ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ಇಬ್ಬರೂ ಆ ಧೂಳಿನ ನಡುವೆ ನಕ್ಕರು.

"ಅವತ್ತು ಊಟ ಬಿಟ್ಟು ಎದ್ದುಹೋದೆ," ಅಂದ ಅವನು, ನಗು ನಿಂತ ಮೇಲೆ. "ಕೋಪ ಅಂದ್ಕೊಂಡೆ. ಹೆದರಿಕೆ ಅದು."

"ಗೊತ್ತು. ನನಗೂ ಅದೇ ಆಗಿದ್ದು."

ಸ್ಕೂಲು ಮತ್ತೆ ತೆರೆದಾಗ ಬ್ರೇಕಕ್ಕ ಯಾರಿಂದಲೂ ಮುಚ್ಚಿಡಲಿಲ್ಲ. ಸೇರಲು ಬಂದವರಿಗೆ ಮೊದಲ ದಿನವೇ, ಇಂಥದ್ದು ಆಗಿತ್ತು, ಚಿಕಿತ್ಸೆ ತಗೊಂಡೆ, ಈಗಲೂ ವಾರವಾರ ಕೇಂದ್ರಕ್ಕೆ ಹೋಗುತ್ತೇನೆ, ಒಪ್ಪಿಗೆಯಿದ್ದರೆ ಕೂತುಕೊಳ್ಳಿ ಎನ್ನುತ್ತಿದ್ದಳು. ಕೆಲವರು ಹೊರಟುಹೋದರು. ಅವರನ್ನು ತಪ್ಪು ಅನ್ನುವಂತಿರಲಿಲ್ಲ. ಹೆಚ್ಚಿನವರು ಕೂತರು. ಒಬ್ಬಾಕೆಯಂತೂ ಪಾಠ ಮುಗಿದ ಮೇಲೆ ಇಳಿಯದೆ, ತನ್ನ ಗಂಡನ ವಿಷಯ ತಗ್ಗಿದ ದನಿಯಲ್ಲಿ ಕೇಳಿ, ಕನ್ನಡಕದ ಅಂಗಡಿಯ ದಾರಿ ತಿಳಿದುಕೊಂಡು ಹೋದಳು.

ಟೀಚರಮ್ಮನ ಟೆಸ್ಟು ಬಿಸಿಲು ಚೆನ್ನಾಗಿದ್ದ ಒಂದು ಬೆಳಿಗ್ಗೆ ಇತ್ತು. ಬ್ರೇಕಕ್ಕನ ಮನೆಯವರೆಲ್ಲ ಹೋಗಿದ್ದರು. ಅತ್ತೆ ಕುರ್ಚಿ ಸಮೇತ. ಪರೀಕ್ಷೆ ಮಾಡುವ ಅಧಿಕಾರಿ ಪಕ್ಕದಲ್ಲಿ ಕೂತ ಕೂಡಲೇ ಟೀಚರಮ್ಮ ಅವನಿಗೆ "ಬೆಲ್ಟು ಹಾಕ್ಕೋಪ್ಪಾ," ಎಂದು ಗದರಿಸಿದ್ದು ದೂರಕ್ಕೂ ಕೇಳಿಸಿತು. ಕಾರು ಹೊರಟಿತು. ಎಂಟಿನ ಆಕಾರ ಸುತ್ತಿತು, ಏರಿನಲ್ಲಿ ನಿಂತು ಹಿಂದೆ ಜಾರದೆ ಹೊರಟಿತು, ಕಂಬಗಳ ನಡುವೆ ಹಿಂದಕ್ಕೆ ಬಂದು ನಿಂತಿತು. ಬ್ರೇಕಕ್ಕ ಗೆರೆಯ ಆಚೆ ನಿಂತು ನೋಡುತ್ತಿದ್ದಳು. ಎರಡೂ ಪಾದ ನೆಲದ ಮೇಲೆ ಹಗುರಾಗಿ ಇದ್ದವು.

ಅಧಿಕಾರಿ ಇಳಿದು ತಲೆಯಾಡಿಸಿದ್ದೇ ತಡ, ಟೀಚರಮ್ಮ ಬಾಗಿಲು ಹಾಕುವುದನ್ನೂ ಮರೆತು ಓಡಿಬಂದು ಬ್ರೇಕಕ್ಕನನ್ನು ತಬ್ಬಿಕೊಂಡರು. ಇಬ್ಬರೂ ಒಬ್ಬರನ್ನೊಬ್ಬರು ಬಿಡಲಿಲ್ಲ. ಗಂಡ ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದ. ಸಾಲಿನಲ್ಲಿ ಕಾದಿದ್ದವರೂ ಯಾಕೆಂದು ಗೊತ್ತಿಲ್ಲದೆ ಚಪ್ಪಾಳೆ ತಟ್ಟಿದರು.

ಈ ಗದ್ದಲದಲ್ಲಿ ಯಾರೂ ಅತ್ತೆಯ ಕಡೆ ನೋಡಿರಲಿಲ್ಲ. ತಿರುಗಿ ನೋಡಿದರೆ ಕುರ್ಚಿ ಖಾಲಿ. ಅತ್ತೆ ಬಾಗಿಲು ತೆರೆದಿದ್ದ ಕಾರಿನೊಳಗೆ, ಸ್ಟೀರಿಂಗಿನ ಹಿಂದೆ, ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡು ಕೂತಿದ್ದರು.

"ಅಮ್ಮಾ, ಇಳಿ. ನಿನ್ನ ವಯಸ್ಸೇನು?" ಎಂದು ಮಗ ಓಡಿದ.

ಅತ್ತೆಗೆ ಆ ಮಾತು ಕೇಳಿಸಲಿಲ್ಲ. ಸೊಸೆಯ ಕಡೆ ಕೈಬೀಸಿ, ಪಕ್ಕದ ಸೀಟನ್ನು ಪಟಪಟ ತಟ್ಟಿದರು.

"ಬಾರೇ, ಬೇಗ ಕೂತ್ಕೋ. ಯಾವುದು ಒತ್ತಿದ್ರೆ ಮುಂದಕ್ಕೆ ಹೋಗತ್ತೆ ಇದು?"